ಜಪಸರ ಬರೀ ಗಿಳಿಪಾಠವೇ?

ಪ್ರಶ್ನೆ: ಫಾದರ್, ನಮಸ್ಕಾರ. ನಮ್ಮದು ಕನಕಪುರದ ಕಡೆಯ ಕಥೋಲಿಕ ಕುಟುಂಬ. ಈಗ ಮನೆ ಬೇಗೂರಿನಲ್ಲಿ, ಕೆಲಸ ವೈಟ್‌ಫೀಲ್ಡಿನಲ್ಲಿ. ಹೋಗಿ ಬರಲು ದಿನಕ್ಕೆ ಮೂರು ಗಂಟೆ ಬೇಕು. ಅಜ್ಜಿ ಇದ್ದಾಗ ಸಂಜೆ ಏಳಕ್ಕೆ ಮನೆಯವರೆಲ್ಲ ಮೊಣಕಾಲೂರಿ ಮಣಿ ಎಣಿಸುತ್ತ ಜಪಸರ (ರೋಸರಿ) ಹೇಳುತ್ತಿದ್ದೆವು. ಈಗ ನಾನು ಆಫೀಸಿಗೆ ಹೋಗುವ ಕ್ಯಾಬ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಆ್ಯಪ್‌ನಲ್ಲಿ ಕೇಳುತ್ತಾ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಒಂದೂವರೆ ಪಟ್ಟು ಸ್ಪೀಡಿನಲ್ಲಿ. ಬಾಯಿ ಹೇಳುತ್ತಿರುತ್ತದೆ, ಮನಸ್ಸು ಇಎಂಐ, ಮಗಳ ಸ್ಕೂಲ್ ಫೀಸು ಅಂತ ಸುತ್ತುತ್ತಿರುತ್ತದೆ. ಪಕ್ಕದಲ್ಲಿ ಕೂರುವ ಸಹೋದ್ಯೋಗಿ ಬೇರೆ ಕ್ರೈಸ್ತ ಸಭೆಯವರು. ಮತ್ತಾಯ 6:7 ತೋರಿಸಿ, ‘ಇದು ಗಿಳಿಪಾಠ, ಯೇಸುವೇ ಬೇಡ ಅಂದಿದ್ದಾರೆ’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಬೈಬಲನ್ನು ಮೊದಲಿನಿಂದ ಓದಲು ಮೂರು ಸಲ ಶುರು ಮಾಡಿ, ಮೂರು ಸಲವೂ ಮೂರನೇ ಪುಸ್ತಕವಾದ ಯಾಜಕಕಾಂಡದಲ್ಲಿ ನಿಲ್ಲಿಸಿದ್ದೇನೆ. ನಾನು ಮಾಡುತ್ತಿರುವುದು ಪ್ರಾರ್ಥನೆ ಅಂತ ಲೆಕ್ಕಕ್ಕೆ ಬರುತ್ತಾ? ಇನ್ನೊಂದು ಸಣ್ಣ ವಿಷಯ: ಅಜ್ಜಿಯ ಜಪಸರದ ದಾರ ಹರಿದಿದೆ. ಬೇರೆ ದಾರದಲ್ಲಿ ಪೋಣಿಸಿದರೆ ಆಶೀರ್ವಾದ ಹೋಗುತ್ತಾ?

ಉತ್ತರ: ಒಂದೂವರೆ ಪಟ್ಟು ಸ್ಪೀಡಿನ ಮಾತು ಓದಿ ನಗು ಬಂತು. ತಪ್ಪು ತಿಳಿಯಬೇಡಿ, ನಾನೇನೂ ಸಾಚಾ ಅಲ್ಲ. ಪಾದ್ರಿಯಾಗಲು ಗುರುಮಠದಲ್ಲಿ ಓದುತ್ತಿದ್ದಾಗ ರಾತ್ರಿ ಊಟಕ್ಕೆ ಮುಂಚೆ ಜಪಸರ ಇರುತ್ತಿತ್ತು. ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂದ ದಿನ ನಾವು ಕೊನೆಯ ಎರಡು ರಹಸ್ಯಗಳನ್ನು (ಹತ್ತು ಮಣಿಗೆ ಒಂದರಂತೆ ನೆನೆಯುವ ಯೇಸು, ಮರಿಯರ ಬದುಕಿನ ಘಟನೆಗಳನ್ನು) ಓಡಿಸುತ್ತಿದ್ದ ವೇಗಕ್ಕೆ ನಿಮ್ಮ ಆ್ಯಪ್ ನಾಚಿಕೊಳ್ಳಬೇಕು.

ಮೊದಲು ಆ ವಾಕ್ಯವನ್ನೇ ನೋಡೋಣ. ಅನ್ಯಜನರ ಹಾಗೆ ಬರೀ ಮಾತು ಪೇರಿಸಬೇಡಿ, ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾರೆಂದು ಅವರು ತಿಳಿದಿದ್ದಾರೆ ಎನ್ನುತ್ತಾರೆ ಯೇಸುಸ್ವಾಮಿ. ಇಲ್ಲಿ ಮತ್ತಾಯ ಗ್ರೀಕಿನಲ್ಲಿ ಬಳಸಿರುವ ಕ್ರಿಯಾಪದ ‘ಬಟ್ಟಲೊಗೇಯೊ’. ತುಂಬ ಅಪರೂಪದ ಪದ. ತೊದಲುವವರ ಸದ್ದನ್ನೇ ಹಿಡಿದು ಹುಟ್ಟಿದ್ದಿರಬೇಕು ಎನ್ನುತ್ತಾರೆ ಬಲ್ಲವರು. ನಮ್ಮ ‘ಬಡಬಡಿಸು’ ಇದೆಯಲ್ಲ, ಹೆಚ್ಚುಕಡಿಮೆ ಹಾಗೆ. ಅದಕ್ಕೆ ‘ಮತ್ತೆ ಹೇಳು’ ಎಂಬ ಅರ್ಥವಿಲ್ಲ. ದೇವರ ಕಿವಿ ತೂತಾಗುವಷ್ಟು ಮಾತು ಸುರಿದರೆ ಕೆಲಸ ಆಗುತ್ತದೆ ಎಂಬ ಲೆಕ್ಕಾಚಾರವನ್ನು ಯೇಸುಸ್ವಾಮಿ ಬೈಯುತ್ತಿದ್ದಾರೆ. ಹಳೆಯ ಒಡಂಬಡಿಕೆಯಲ್ಲಿ ಇದರ ಚಿತ್ರವೇ ಇದೆ. ಅರಸುಗಳ ಮೊದಲನೇ ಪುಸ್ತಕದ 18ನೇ ಅಧ್ಯಾಯ ತೆಗೆಯಿರಿ. ಬಾಳ್ ಎಂಬ ಅನ್ಯದೇವತೆಯ ಪ್ರವಾದಿಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂಗಿ ಕುಣಿದು ಸುಸ್ತಾಗುತ್ತಾರೆ. ದೇವರ ಪ್ರವಾದಿ ಎಲೀಯ ಪಕ್ಕದಲ್ಲಿ ನಿಂತು, ‘ಇನ್ನೂ ಜೋರಾಗಿ ಕೂಗಿ, ಮಲಗಿರಬಹುದು’ ಎಂದು ಗೇಲಿ ಮಾಡುತ್ತಾನೆ.

ಯೇಸುಸ್ವಾಮಿ ಅಲ್ಲಿಗೇ ನಿಲ್ಲಿಸುವುದಿಲ್ಲ. ನೀವು ಕೇಳುವ ಮುಂಚೆಯೇ ನಿಮಗೇನು ಬೇಕೆಂದು ತಂದೆಗೆ ಗೊತ್ತು ಎನ್ನುತ್ತಾರೆ. ಅದರ ಬೆನ್ನಿಗೇ, ಒಂಬತ್ತನೇ ವಾಕ್ಯದಲ್ಲಿ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ ಕಲಿಸುತ್ತಾರೆ. ಎರಡು ಸಾವಿರ ವರ್ಷದಿಂದ ಎಲ್ಲ ಸಭೆಗಳವರೂ ಅದನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆ. ನಿಮ್ಮ ಸಹೋದ್ಯೋಗಿಯೂ ಹೇಳಿರುತ್ತಾರೆ ಅಲ್ವಾ? ಗೆತ್ಸೆಮನಿ ತೋಪಿನಲ್ಲಿ ಸ್ವತಃ ಯೇಸುಸ್ವಾಮಿ ಮೂರನೇ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಎಂದು ಅದೇ ಮತ್ತಾಯ 26:44ರಲ್ಲಿ ಬರೆದಿದ್ದಾನೆ. 136ನೇ ಕೀರ್ತನೆಯಲ್ಲಿ 26 ವಾಕ್ಯಗಳಿವೆ. ದೇವರ ಪ್ರೀತಿಗೆ ಕೊನೆಯಿಲ್ಲ ಎಂಬ ಸಾಲು 26 ಸಲವೂ ಬರುತ್ತದೆ.

ಇಲ್ಲಿಗೆ ನಾವು ಗೆದ್ದೆವು ಅಂತ ಖುಷಿಪಡಬೇಡಿ. ಇದೇ 6:7ನ್ನು ತೋರಿಸಿ ಪೋಪ್ ಆರನೇ ಪೌಲರು 1974ರಲ್ಲಿ ಕಥೋಲಿಕರಾದ ನಮ್ಮನ್ನೇ ಎಚ್ಚರಿಸಿದ್ದಾರೆ. ರಹಸ್ಯಗಳ ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹದ ಹಾಗೆ, ಆಗ ಅದು ಯಂತ್ರದಂತೆ ಮಾತು ಉರುಳಿಸುವುದಾಗಿ ಕ್ರಿಸ್ತರ ಈ ಎಚ್ಚರಿಕೆಗೇ ವಿರುದ್ಧವಾಗುವ ಅಪಾಯವಿದೆ ಎಂದು ಬರೆದರು. ಅಂದರೆ ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧವನ್ನು ನಮ್ಮ ಪೋಪರೇ ಹೇಳಿಯಾಗಿದೆ. ‘ಈ ಪ್ರಾರ್ಥನೆಯನ್ನು 9 ಸಲ ಹೇಳಿ 21 ಜನಕ್ಕೆ ಕಳಿಸಿ, ಮೂರು ದಿನದಲ್ಲಿ ಶುಭ ಸುದ್ದಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುತ್ತದಲ್ಲ, ಅದು ಅಪ್ಪಟ ಬಡಬಡಿಕೆ. ಅಂಥದ್ದು ಬಂದರೆ ಭಯಪಡದೆ ಅಳಿಸಿಹಾಕಿ. ‘ಒಂಬತ್ತು ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋದೆ ಫಾದರ್, ಕೆಲಸ ಸಿಗಲಿಲ್ಲ’ ಎಂದು ಬೇಸರಪಟ್ಟುಕೊಳ್ಳುವವರು ನನ್ನ ಹತ್ತಿರ ಬರುತ್ತಾರೆ. ಅವರ ನೋವು ನಿಜ. ಆದರೆ ಒಂಬತ್ತು ಎನ್ನುವುದು ಕಂತಿನ ಲೆಕ್ಕ ಆಗಬಾರದು. ಯೇಸುಸ್ವಾಮಿ ಸ್ವರ್ಗಕ್ಕೆ ಏರಿದ ಮೇಲೆ, ಪವಿತ್ರಾತ್ಮರು ಇಳಿದು ಬರುವವರೆಗೆ, ಶಿಷ್ಯರು ಮಾತೆ ಮರಿಯಳ ಜೊತೆ ಕೂತು ಕಾದರಲ್ಲ, ಆ ಒಂಬತ್ತು ದಿನಗಳ ನೆನಪು ನವದಿನದ ಪ್ರಾರ್ಥನೆಯ ಬೇರು. ಅಲ್ಲಿ ಕಾಯುವುದೇ ಮುಖ್ಯವಾಗಿತ್ತು.

ಇನ್ನು ಗಿಳಿಪಾಠದ ವಿಷಯ. ಈ ಬೈಗುಳ ನನಗೆ ಚೆನ್ನಾಗಿ ಗೊತ್ತು. ಗುರುಮಠ ಸೇರಿದ ಹೊಸತರಲ್ಲಿ ನಮ್ಮ ಅಜ್ಜಿಗೆ ನಾನೇ ಅಂದಿದ್ದೆ. ಅವರು ಮಾರ್ಗಶಿರದ ಚಳಿಯಲ್ಲಿ ಬಾಗಿಲ ಬಳಿ ಕೂತು ಅವರೆಕಾಳು ಹಿದುಕುತ್ತಿದ್ದರು. ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿದುಕಿ ಸಿಪ್ಪೆ ಬಿಡಿಸುವ ಕೆಲಸ. ಜೊತೆಗೆ ಬಾಯಲ್ಲಿ ‘ನಮೋ ಮರಿಯ’. ‘ಅಜ್ಜಿ, ಮನಸ್ಸು ಕಾಳಿನ ಮೇಲೆ, ಮಾತು ಮರಿಯಮ್ಮನ ಮೇಲೆ, ಇದೆಂಥ ಧ್ಯಾನ’ ಅಂದೆ. ಅವರು, ‘ನೀನು ಕೂತು ಒಂದು ಸೇರು ಹಿದುಕು, ಆಮೇಲೆ ಹೇಳ್ತೀನಿ’ ಅಂದರು. ಹತ್ತು ನಿಮಿಷಕ್ಕೆ ನನ್ನ ಬೆರಳು ನೋಯತೊಡಗಿತು.

ಉತ್ತರ ಸಿಕ್ಕಿದ್ದು ಎರಡು ವರ್ಷದ ಮೇಲೆ, ಹೀಬ್ರೂ ತರಗತಿಯಲ್ಲಿ. ಮೊದಲನೇ ಕೀರ್ತನೆಯಲ್ಲಿ, ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯ ಎಂದಿದೆ. ಧ್ಯಾನ ಎಂದಾಕ್ಷಣ ನಮಗೆ ಕಣ್ಣು ಮುಚ್ಚಿ ಮೌನವಾಗಿ ಕೂತವರು ನೆನಪಾಗುತ್ತಾರೆ. ಮೂಲದಲ್ಲಿರುವ ಪದ ‘ಹಾಗಾ’. ಅದು ಸದ್ದಿನ ಪದ. ಗುನುಗುವುದು, ತುಟಿಯೊಳಗೇ ಹೇಳಿಕೊಳ್ಳುವುದು. ಬೇಟೆಯ ಮೇಲೆ ಕಾಲಿಟ್ಟ ಸಿಂಹ ಗುರುಗುಟ್ಟುವುದಕ್ಕೆ ಯೆಶಾಯ 31:4ರಲ್ಲಿ ಇದೇ ಪದವಿದೆ. 38:14ರಲ್ಲಿ ಪಾರಿವಾಳದ ನರಳುವ ದನಿಗೂ ಇದೇ. ನಿಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿ ಬಲೆಯ ಆಚೆ ಬೆಳಗಿನ ಜಾವ ಪಾರಿವಾಳಗಳು ಬಿಡದೆ ಸದ್ದು ಮಾಡುತ್ತವಲ್ಲ, ಬೈಬಲಿನ ಕಿವಿಗೆ ಧ್ಯಾನ ಎಂದರೆ ಹಾಗಿತ್ತು. ಯೆಹೋಶುವ 1:8 ಇನ್ನೂ ನೇರ. ಈ ಧರ್ಮಶಾಸ್ತ್ರ ನಿನ್ನ ಬಾಯನ್ನು ಬಿಟ್ಟು ಹೋಗದಿರಲಿ, ಹಗಲಿರುಳು ‘ಹಾಗಾ’ ಮಾಡುತ್ತಿರು ಎನ್ನುತ್ತದೆ. ಮನಸ್ಸನ್ನು ಬಿಟ್ಟು ಅಂತ ಹೇಳಿಲ್ಲ, ಬಾಯನ್ನು ಬಿಟ್ಟು ಅಂತ ಹೇಳಿದೆ.

ಅಜ್ಜಿ ಮಾಡುತ್ತಿದ್ದುದು ಅದನ್ನೇ. ಬಾಯಿ ಮುಂದೆ ಹೋಗುತ್ತದೆ, ಮನಸ್ಸು ಹಿಂದಿನಿಂದ ಎಡವುತ್ತ ಬರುತ್ತದೆ. ಕೆಲವು ದಿನ ಬರುವುದೇ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಗಿಗೊ ಎಂಬ ಕಾರ್ತೂಸಿಯನ್ ಮಠಾಧಿಪತಿ ಇದನ್ನು ಊಟಕ್ಕೆ ಹೋಲಿಸಿದರು. ಓದುವುದೆಂದರೆ ತುತ್ತನ್ನು ಬಾಯಿಗೆ ಇಡುವುದು, ಮನನವೆಂದರೆ ಅಗಿಯುವುದು, ಪ್ರಾರ್ಥನೆಯಲ್ಲಿ ರುಚಿ ಸಿಗುತ್ತದೆ, ದರ್ಶನವೆಂದರೆ ಆ ಸಿಹಿಯೇ. ಆ ಕಾಲದ ಸಂನ್ಯಾಸಿಗಳು ಹಸುವಿನ ಉದಾಹರಣೆಯನ್ನೂ ಕೊಡುತ್ತಿದ್ದರು. ನಮಗೆ ಅದನ್ನು ವಿವರಿಸುವುದೇ ಬೇಡ, ‘ಮೆಲುಕು ಹಾಕು’ ಎಂದು ನಾವು ದಿನಾ ಅನ್ನುತ್ತೇವೆ. ಹಸು ಮೆಲುಕು ಹಾಕುವಾಗ ಅದೇ ಹುಲ್ಲನ್ನು ಮತ್ತೆ ಅಗಿಯುತ್ತದೆ ಎಂದು ಯಾರೂ ಬೈಯುವುದಿಲ್ಲ.

ಈಗ ಜಪಸರದೊಳಗೆ ಇರುವುದೇನು ನೋಡಿ. ‘ನಮೋ ಮರಿಯ’ದ ಮೊದಲ ಅರ್ಧ ಇಡೀ ಬೈಬಲಿನದು. ಲೂಕ 1:28ರಲ್ಲಿ ದೂತನ ನಮಸ್ಕಾರ, 1:42ರಲ್ಲಿ ಮರಿಯಳ ಬಂಧು ಎಲಿಜಬೇತಳ ಮಾತು. ‘ಸಂತ ಮರಿಯ, ದೇವಮಾತೆಯೇ’ ಎಂಬ ಎರಡನೇ ಅರ್ಧ ನಿಧಾನವಾಗಿ ಬೆಳೆದು, 1568ರ ರೋಮನ್ ಪ್ರಾರ್ಥನಾ ಪುಸ್ತಕದಲ್ಲಿ ಈಗಿನ ರೂಪಕ್ಕೆ ನಿಂತಿತು. ಎರಡು ಅರ್ಧಗಳು ಸೇರುವ ಜಾಗದಲ್ಲಿ ಇರುವ ಹೆಸರು ಯೇಸು. ಮಠಗಳಲ್ಲಿ 150 ಕೀರ್ತನೆ ಹಾಡುತ್ತಿದ್ದಾಗ ಓದು ಬಾರದ ಜನ ಅದರ ಬದಲಿಗೆ 150 ಸಲ ಪರಲೋಕ ಜಪವನ್ನೋ ನಮೋ ಮರಿಯವನ್ನೋ ಹೇಳಿಕೊಂಡರು. ಹದಿನೈದು ರಹಸ್ಯಗಳ ಹಳೆಯ ಜಪಸರದ ಲೆಕ್ಕ ಬಂದಿದ್ದು ಅಲ್ಲಿಂದ. 2002ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು.

ನಿಮ್ಮ ಅಜ್ಜಿಯ ಕಾಲವನ್ನೂ ನೆನೆಸಿಕೊಳ್ಳಿ. ಅವರು ಹುಡುಗಿಯಾಗಿದ್ದಾಗ ಚರ್ಚಿನ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಮಾತೃಭಾಷೆಗೆ ಬಾಗಿಲು ತೆರೆದದ್ದು 1963ರ ಡಿಸೆಂಬರಿನಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆ. ಅಲ್ಲಿಯವರೆಗೆ ಕನ್ನಡದ ರೈತರ ಮನೆಗಳಲ್ಲಿ ಯೇಸುಸ್ವಾಮಿಯ ಹುಟ್ಟು, ಪಾಡು, ಪುನರುತ್ಥಾನದ ಕಥೆ ದಿನಾ ಕನ್ನಡದಲ್ಲಿ ಕೇಳಿಸಿದ್ದು ಈ ಮಣಿಗಳಿಂದಲೇ. ಗಿಳಿ ಇಷ್ಟನ್ನು ಉಳಿಸಿಕೊಡುತ್ತಾ?

ಸರಿ, ಇಎಂಐಗೆ ಬರೋಣ. ನಿಮಗೆ ಒಂದು ಗುಟ್ಟು ಹೇಳುತ್ತೇನೆ. ಲಿಸಿಯೆಯ ಸಂತ ತೆರೇಸಾ ಗೊತ್ತಲ್ಲ, ಕೈಯಲ್ಲಿ ಗುಲಾಬಿ ಹಿಡಿದ ಚಿಕ್ಕ ತೆರೇಸಾ. 24 ವರ್ಷಕ್ಕೇ ತೀರಿಕೊಂಡವರು, 1997ರಲ್ಲಿ ಧರ್ಮಸಭೆಯ ಪಂಡಿತೆ ಎಂಬ ಬಿರುದು ಪಡೆದವರು. ಒಬ್ಬಳೇ ಕೂತು ಜಪಸರ ಹೇಳುವುದು ತನಗೆ ಮೈ ದಂಡಿಸುವ ತಪಸ್ಸಿನ ಸಾಧನ ಕಟ್ಟಿಕೊಳ್ಳುವುದಕ್ಕಿಂತ ಕಷ್ಟ ಎಂದು ಅವರು ಬರೆದಿಟ್ಟಿದ್ದಾರೆ. ಎಷ್ಟು ಪ್ರಯತ್ನಪಟ್ಟರೂ ಮನಸ್ಸು ನಿಲ್ಲುತ್ತಿರಲಿಲ್ಲವಂತೆ. ತುಂಬ ಒಣಗಿದ ದಿನಗಳಲ್ಲಿ ಅವರು ಒಂದೇ ಒಂದು ಪರಲೋಕ ಜಪ, ಒಂದು ನಮೋ ಮರಿಯ, ಅಷ್ಟನ್ನೇ ಬಹಳ ನಿಧಾನವಾಗಿ ಹೇಳುತ್ತಿದ್ದರು. ಅವರಿಗಿಂತ ಮುನ್ನೂರು ವರ್ಷ ಹಿಂದಿನ ಆವಿಲಾದ ದೊಡ್ಡ ತೆರೇಸಾ, ಪ್ರಾರ್ಥನೆ ಕಲಿಸುವುದರಲ್ಲಿ ಎಲ್ಲರಿಗೂ ಗುರು. ಕೆಲವು ವರ್ಷ ತನಗೆ ಪ್ರಾರ್ಥನೆಯ ಒಂದು ಗಂಟೆ ಯಾವಾಗ ಮುಗಿಯುತ್ತದೋ ಎನ್ನುವುದೇ ಚಿಂತೆಯಾಗಿತ್ತು, ಗಡಿಯಾರ ಹೊಡೆಯುವುದಕ್ಕೇ ಕಿವಿ ಕೊಟ್ಟಿರುತ್ತಿದ್ದೆ ಎಂದು ಅವರೂ ಒಪ್ಪಿಕೊಂಡಿದ್ದಾರೆ. ನೀವು ಕ್ಯಾಬಿನಲ್ಲಿ ಒಳ್ಳೆಯವರ ಸಾಲಿನಲ್ಲೇ ಕೂತಿದ್ದೀರಿ.

ಮನಸ್ಸು ಓಡಿಹೋದಾಗ ಬೆನ್ನಟ್ಟಿ ಹೋಗಬೇಡಿ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥ 2729ನೇ ಅಂಕಣದಲ್ಲಿ ಇದನ್ನೇ ಹೇಳುತ್ತದೆ. ಅಡ್ಡ ಯೋಚನೆಗಳನ್ನು ಬೇಟೆಯಾಡಲು ಹೊರಟರೆ ಅವುಗಳ ಬಲೆಗೇ ಬಿದ್ದಂತೆ, ಸುಮ್ನೆ ಹೃದಯಕ್ಕೆ ತಿರುಗಿ ಬಂದರೆ ಸಾಕು. ನಮ್ಮ ಮನಸ್ಸು ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನೂ ಆ ಯೋಚನೆಗಳು ತೋರಿಸುತ್ತವೆ ಎಂದೂ ಸೇರಿಸುತ್ತದೆ. ಹಾಗಾಗಿ ಮಗಳ ಫೀಸು ನೆನಪಾದರೆ ಅದನ್ನು ಓಡಿಸುವ ಬದಲು ಮುಂದಿನ ಮಣಿಯನ್ನು ಅದಕ್ಕೇ ಕೊಡಿ. ‘ನಮಗಾಗಿ ಪ್ರಾರ್ಥಿಸಿರಿ’ ಎಂದು ಹೇಗೂ ಹೇಳುತ್ತೀರಲ್ಲ, ಆ ‘ನಮಗಾಗಿ’ಯೊಳಗೆ ಫೀಸೂ ಬರುತ್ತದೆ, ಬ್ಯಾಂಕಿನವರೂ ಬರುತ್ತಾರೆ.

ಆದರೆ ಆ ಒಂದೂವರೆ ಪಟ್ಟು ಸ್ಪೀಡನ್ನು ಬಿಡಿ. ಇದರಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಮೆಲುಕು ಹಾಕುವುದನ್ನು ಯಾರೂ ಬೇಗ ಮಾಡುವುದಿಲ್ಲ. ಐದು ರಹಸ್ಯಗಳಿಗೆ ಸಮಯವಿಲ್ಲದಿದ್ದರೆ ಒಂದನ್ನೇ ಹೇಳಿ. ಐವತ್ತು ಓಡಿಸುವುದಕ್ಕಿಂತ ಹತ್ತು ಮಣಿ ನಡೆಸುವುದು ವಾಸಿ. ಆ್ಯಪ್ ಬದಿಗಿಟ್ಟು ಬೆರಳುಗಳಲ್ಲೇ ಎಣಿಸಿ, ದೇವರು ಹತ್ತು ಕೊಟ್ಟಿದ್ದಾರೆ. ಮೊದಲು ಆ ರಹಸ್ಯ ಬರುವ ಶುಭಸಂದೇಶದ (ಯೇಸುವಿನ ಜೀವನ ಹೇಳುವ ಬೈಬಲ್ ಪುಸ್ತಕದ) ಭಾಗವನ್ನು ಫೋನಿನಲ್ಲಿ ಓದಿ. ಎಲಿಜಬೇತಳ ಭೇಟಿಯಾದರೆ ಲೂಕ 1:39ರಿಂದ 45, ಏಳೇ ವಾಕ್ಯ. ಓದಿ ಒಂದು ನಿಮಿಷ ಸುಮ್ಮನಿರಿ. ಒಬ್ಬ ಬಸುರಿ ಹುಡುಗಿ ಬೆಟ್ಟದ ದಾರಿ ಹಿಡಿದು ಇನ್ನೊಬ್ಬ ಬಸುರಿಯ ಮನೆಗೆ ಹೊರಟಿದ್ದಾಳೆ, ಕ್ಯಾಬ್ ಇಲ್ಲ. ಅದನ್ನು ಕಣ್ಣ ಮುಂದೆ ತಂದುಕೊಂಡು ಜಪ ಶುರು ಮಾಡಿ. ಯೇಸುವಿನ ಹೆಸರು ಬಂದಾಗ ಒಂದು ಉಸಿರಿನಷ್ಟು ನಿಲ್ಲಿ. ಕೆಲವು ದೇಶಗಳಲ್ಲಿ ಆ ಹೆಸರಿಗೆ ಆ ದಿನದ ರಹಸ್ಯವನ್ನು ಒಂದು ಸಣ್ಣ ಮಾತಾಗಿ ಸೇರಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ‘ಎಲಿಜಬೇತಳ ಮನೆಗೆ ನೀನು ಹೊತ್ತು ತಂದ ಯೇಸು’ ಎನ್ನಬಹುದು. 2002ರ ಪತ್ರದಲ್ಲಿ ಪೋಪ್ ಜಾನ್ ಪೌಲರೂ ಈ ರೂಢಿಯನ್ನು ಮೆಚ್ಚಿದ್ದಾರೆ.

ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ನಿಂತೇಬಿಟ್ಟು ತಲೆ ಚಿಟ್ಟು ಹಿಡಿದಾಗ ಹತ್ತು ಮಣಿಯೂ ಆಗುವುದಿಲ್ಲ. ಅಂಥ ಹೊತ್ತಿಗೆ ಒಂದೇ ಸಾಲು ಸಾಕು. ಈಜಿಪ್ಟಿನ ಮರಳುಗಾಡಿನ ಸಂನ್ಯಾಸಿಗಳು ಬಾಣ ಬಿಟ್ಟಂತೆ ಚಿಕ್ಕ ಚಿಕ್ಕ ಪ್ರಾರ್ಥನೆ ಮಾಡುತ್ತಿದ್ದರೆಂದು ಸಂತ ಅಗಸ್ಟೀನರು ಒಬ್ಬ ವಿಧವೆಗೆ ಬರೆದ ಪತ್ರದಲ್ಲಿದೆ. ದೊಡ್ಡ ಪ್ರಾರ್ಥನೆ ಮಾಡುತ್ತ ಮನಸ್ಸು ಮೊಂಡಾಗಬಾರದು ಅಂತ. ಅದೇ ಮರಳುಗಾಡಿಗೆ ಹೋಗಿ ಕಲಿತು ಬಂದ ಜಾನ್ ಕಾಸಿಯನ್, 70ನೇ ಕೀರ್ತನೆಯ ಮೊದಲ ವಾಕ್ಯವನ್ನೇ ದಿನವಿಡೀ ಹೇಳಿಕೊಳ್ಳಿ ಎಂದರು. ‘ದೇವಾ, ನನ್ನನ್ನು ಕಾಪಾಡು, ಪ್ರಭುವೇ, ಬೇಗ ಬಂದು ನೆರವಾಗು’ ಎನ್ನುವ ಅರ್ಥದ ಸಾಲು. ನಾವು ಗುರುಗಳು ದಿನದ ಪ್ರಾರ್ಥನೆಗಳನ್ನು ಇವತ್ತಿಗೂ ಈ ಸಾಲಿನಿಂದಲೇ ಶುರು ಮಾಡುವುದು. ಇದನ್ನು ಟ್ರಾಫಿಕ್ಕಿಗಾಗಿಯೇ ಬರೆದಂತಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಬೈಬಲನ್ನು ಮೊದಲ ಪುಟದಿಂದ ಕಾದಂಬರಿಯ ಹಾಗೆ ಓದಲು ಹೋದವರು ಯಾಜಕಕಾಂಡದಲ್ಲಿ ನಿಲ್ಲುವುದು ಸಹಜ. ಅದು 73 ಪುಸ್ತಕಗಳ ಒಂದು ಲೈಬ್ರರಿ. ಮಾರ್ಕನ ಶುಭಸಂದೇಶದಿಂದ ಶುರು ಮಾಡಿ. ಹದಿನಾರೇ ಅಧ್ಯಾಯ, ನಿಮ್ಮ ಒಂದು ದಿನದ ಓಡಾಟದಲ್ಲಿ ಪೂರ್ತಿ ಓದಬಹುದು. ಮಾರ್ಕನಿಗೂ ಬೆಂಗಳೂರಿನವರ ಹಾಗೆ ಅವಸರ, ‘ತಕ್ಷಣ’ ಎಂಬ ಗ್ರೀಕ್ ಪದವನ್ನು ಸುಮಾರು 40 ಸಲ ಬಳಸಿದ್ದಾನೆ. ಅಷ್ಟು ಓಟದ ನಡುವೆ 1:35ರಲ್ಲಿ ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಜನವಿಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಅಲ್ಲಿ ಸ್ವಲ್ಪ ನಿಂತು ನೋಡಿ. ಅದಾದ ಮೇಲೆ ಆಯಾ ದಿನದ ಪೂಜೆಯ ವಾಚನಗಳನ್ನು ಹಿಡಿದುಕೊಳ್ಳಿ. ಅಲ್ಲಿ ಬೈಬಲನ್ನು ನಮಗಾಗಿ ತುತ್ತು ಮಾಡಿಯೇ ಇಟ್ಟಿದ್ದಾರೆ.

ಯಾಜಕಕಾಂಡದ ಪರವಾಗಿ ಒಂದು ಮಾತು. ನೀವು ಬಲಿಗಳ ವಿವರದಲ್ಲಿ ಸುಸ್ತಾಗಿರಬೇಕು. ನೇರ 19ನೇ ಅಧ್ಯಾಯಕ್ಕೆ ಹೋಗಿ. ‘ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು’ ಎಂದು ಯೇಸುಸ್ವಾಮಿ ಹೇಳಿದ್ದು ಅಲ್ಲಿಂದ ತೆಗೆದು, 18ನೇ ವಾಕ್ಯ. ಅದಕ್ಕೂ ಮುಂಚೆ 13ನೇ ವಾಕ್ಯ ಓದಿ. ಕೂಲಿಯವನ ಕೂಲಿ ರಾತ್ರಿಯೆಲ್ಲ ಬೆಳಗಿನವರೆಗೆ ನಿನ್ನ ಹತ್ತಿರ ಉಳಿಯಬಾರದು ಎನ್ನುತ್ತದೆ. ನಾನು ಅಪಾರ್ಟ್‌ಮೆಂಟುಗಳಿಗೆ ಮನೆ ಆಶೀರ್ವಾದಕ್ಕೆ ಹೋದಾಗ ಈ ವಾಕ್ಯವನ್ನು ಬೇಕಂತಲೇ ಓದುತ್ತೇನೆ. ಮನೆಕೆಲಸದವರ ಸಂಬಳವನ್ನು ಹತ್ತನೇ ತಾರೀಖಿನವರೆಗೆ ಎಳೆಯುವವರು ಆಗ ಸ್ವಲ್ಪ ನೆಲ ನೋಡುತ್ತಾರೆ. ಒಂದನೇ ತಾರೀಖಿಗೇ ಸಂಬಳ ಕೊಟ್ಟರೆ ಆ ವಾಕ್ಯವನ್ನು ಸರಿಯಾಗಿ ಮೆಲುಕು ಹಾಕಿದ್ದೀರಿ ಅಂತ. ನಿಮ್ಮ ‘ಲೆಕ್ಕಕ್ಕೆ ಬರುತ್ತಾ’ ಪ್ರಶ್ನೆಗೂ ನಾನು ಇಂಥ ಕಡೆಯೇ ಉತ್ತರ ಹುಡುಕುವುದು. ಹತ್ತು ಮಣಿ ಹೇಳುವಾಗ ಏನನ್ನಿಸಿತು ಎಂದು ಕೇಳಿಕೊಳ್ಳಬೇಡಿ. ಕ್ಯಾಬ್ ಇಳಿದ ಮೇಲೆ ಡ್ರೈವರಿಗೆ ಹೇಗೆ ಮಾತಾಡಿದಿರಿ ಎಂದು ನೋಡಿಕೊಳ್ಳಿ.

ಗುಂಪಿನಲ್ಲಿ ಕಲಿಯುವ ಆಸೆಯಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ. ಬೈಬಲ್ ಮತ್ತು ಧರ್ಮೋಪದೇಶಕ್ಕಾಗಿ 1967ರಲ್ಲಿ ಶುರುವಾದ ರಾಷ್ಟ್ರೀಯ ಕೇಂದ್ರ, ಎನ್‌ಬಿಸಿಎಲ್‌ಸಿ, ನಮ್ಮ ಬೆಂಗಳೂರಿನಲ್ಲೇ ಇದೆ.

ಸಹೋದ್ಯೋಗಿಯ ಜೊತೆ ವಾದಕ್ಕೆ ಇಳಿಯಬೇಡಿ, ಬೆಳಗಿನ ಕ್ಯಾಬಿನಲ್ಲಂತೂ ಬೇಡ. ಅವರು ‘ಸುವಾರ್ತೆ’ ಅನ್ನುತ್ತಾರೆ, ನಾವು ‘ಶುಭಸಂದೇಶ’ ಅನ್ನುತ್ತೇವೆ, ಒಳಗಿರುವ ಮಾತು ಒಂದೇ. ಬೈಬಲನ್ನು ಕೈಯಲ್ಲಿ ಹಿಡಿದು ಓಡಾಡುವುದನ್ನು ನಾವು ಅವರಿಂದ ಕಲಿಯಬೇಕು. ಒಂದು ದಿನ ಇಬ್ಬರೂ ಸೇರಿ 136ನೇ ಕೀರ್ತನೆಯನ್ನು ಹೇಳಿ. ಅವರು ಮೊದಲ ಸಾಲು ಓದಲಿ, ಆ ತಿರುಗಿ ಬರುವ ಸಾಲನ್ನು ನೀವು ಹೇಳಿ, 26 ಸಲ.

ಅಜ್ಜಿಯ ಜಪಸರವನ್ನು ಧಾರಾಳವಾಗಿ ಪೋಣಿಸಿಕೊಳ್ಳಿ. ದಾರ ಬದಲಾಯಿಸಿದ್ದಕ್ಕೆ, ಕಳೆದುಹೋದ ಒಂದೆರಡು ಮಣಿ ಹೊಸದು ಹಾಕಿದ್ದಕ್ಕೆ ಆಶೀರ್ವಾದ ಹೋಗುವುದಿಲ್ಲ. ಪೂರ್ತಿ ಹಾಳಾದರೆ, ಅಥವಾ ಮಾರಿದರೆ ಮಾತ್ರ ಆ ಪ್ರಶ್ನೆ ಬರುವುದು. ಹಳೆಯ ಮಣಿಯ ತೂತು ಸಣ್ಣದಿರುತ್ತದೆ, ದಪ್ಪ ನೈಲಾನ್ ದಾರ ಹೋಗುವುದಿಲ್ಲ. ನಿಮಗೆ ಆಗದಿದ್ದರೆ ಶಿವಾಜಿನಗರದ ಸಂತ ಮರಿಯ ಬಸಿಲಿಕಾದ ಹತ್ತಿರ ಜಪಸರ ಮಾರುವವರನ್ನು ಕೇಳಿ ನೋಡಿ. ಸೆಪ್ಟೆಂಬರ್ 8ರ ಹಬ್ಬದ ಆಸುಪಾಸಿನಲ್ಲಿ ಮಾತ್ರ ಹೋಗಬೇಡಿ, ಆ ನೂಕುನುಗ್ಗಲಲ್ಲಿ ಮಣಿ ಬಿದ್ದರೆ ಹುಡುಕಲಾಗುವುದಿಲ್ಲ.